ಕಾರಿನ ತಳಕ್ಕೆ ಕಲ್ಲು ಬಡಿದರೆ: ಘಟ್ಟದ ತಿರುವಿನಿಂದ ವಿಮೆಯ ಕಾಗದದವರೆಗೆ

ಘಟ್ಟದಲ್ಲಿ ಲಾರಿ ಕೆಟ್ಟು ನಿಂತರೆ ಕ್ಲೀನರ್ ಮೊದಲು ಮಾಡುವ ಕೆಲಸ ಗಾಲಿಗೆ ಕಲ್ಲು ಕೊಡುವುದು. ರಿಪೇರಿ ಮುಗಿದ ಮೇಲೆ ಲಾರಿ ಹೋಗುತ್ತದೆ, ಕಲ್ಲು ಅಲ್ಲೇ ಕೂತಿರುತ್ತದೆ. ದೇವಿಮನೆ ಘಟ್ಟ ಇಳಿಯುವಾಗ ಅಂಥದ್ದೊಂದು ಕಲ್ಲನ್ನು ಒಂದು ಜುಲೈ ಸಂಜೆ ನಾನು ಕಾರಿನ ಹೊಟ್ಟೆಯಿಂದಲೇ ಪತ್ತೆ ಮಾಡಿದೆ. ಮಳೆ, ಮಂಜು, ಎದುರಿನಿಂದ ಬಸ್ಸಿನ ಬೆಳಕು. ಕಲ್ಲು ಕಂಡಾಗ ತಪ್ಪಿಸಲು ಜಾಗವಿರಲಿಲ್ಲ. ಕಾಲಡಿಯಲ್ಲಿ ‘ಢಬ್’ ಎಂದಿತು, ಕಾರು ಒಮ್ಮೆ ಎದ್ದು ಕೂತಿತು, ಮತ್ತೆ ಏನೂ ಆಗದಂತೆ ಓಡತೊಡಗಿತು. ಶಿರಸಿಯಿಂದ ಹೊರಟವನಿಗೆ ಕುಮಟಾ ಮುಟ್ಟುವ ಅವಸರ. ಕತಗಾಲದಲ್ಲಿ ನಿಲ್ಲಿಸಿ ನೋಡಿದರಾಯಿತು ಎಂದುಕೊಂಡೆ. ಕತಗಾಲ ಬರುವ ಮೊದಲೇ ಕೆಂಪು ದೀಪ ಹತ್ತಿತು, ಎಂಜಿನ್ನಿನಿಂದ ಟಕಟಕ ಸದ್ದು ಬಂತು, ಆಮೇಲೆ ಆ ಸದ್ದೂ ನಿಂತಿತು.

ಕಲ್ಲು ಒಡೆದದ್ದು ಚೇಂಬರನ್ನು, ಅಂದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಪಾತ್ರೆಯನ್ನು, ಮಾತ್ರ. ಎಂಜಿನ್ ಕೆಡಿಸಿದವನು ನಾನು. ವಿಮೆಯ ಸರ್ವೇಯರ್ ಕೂಡ ಇದನ್ನೇ, ಸ್ವಲ್ಪ ಸೌಜನ್ಯದ ಭಾಷೆಯಲ್ಲಿ, ಬರೆದುಕೊಂಡು ಹೋದರು. ಆ ಬಿಲ್ಲು ಕಟ್ಟಿದ ಮೇಲೆ ಗ್ಯಾರೇಜಿನವರನ್ನು ಕಾಡಿ ಬೇಡಿ, ಕಾರಿನ ಅಡಿಯಲ್ಲಿ ನಿಂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅರಬೈಲ್ ಇರಲಿ, ಗೇರುಸೊಪ್ಪ ಇರಲಿ, ಕಾರವಾರದಿಂದ ಜೋಯಿಡಾ ಕಡೆಗೆ ಏರುವ ಅಣಶಿ ಇರಲಿ, ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರು ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಇದು ಬೇಕಾಗುತ್ತದೆ. ಘಟ್ಟದಲ್ಲಿ ಉರುಳಿದ ಕಲ್ಲು ಮತ್ತು ಮುರಿದ ಟೊಂಗೆ. ಕರಾವಳಿಯಲ್ಲಿ ನೀರು ತುಂಬಿ ಆಳ ತಿಳಿಯದ ಹೊಂಡ, ಬಣ್ಣ ಮಾಸಿದ ಹಂಪು, ಸರ್ವಿಸ್ ರಸ್ತೆಗೆ ಇಳಿಯುವಲ್ಲಿ ಕತ್ತರಿಸಿದಂತಿರುವ ಡಾಂಬರಿನ ಅಂಚು.

ಬಡಿಯುವ ಮೊದಲಿನ ಒಂದು ಸೆಕೆಂಡು

ಸಣ್ಣ ಕಾರುಗಳ ತಳ ನೆಲದಿಂದ ಸುಮಾರು 160ರಿಂದ 170 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಅದು ಖಾಲಿ ಕಾರಿನ ಲೆಕ್ಕ. ಐದು ಜನ ಕೂತು, ಡಿಕ್ಕಿಯಲ್ಲಿ ಒಂದು ಅಡಿಕೆ ಮೂಟೆ ಬಿದ್ದರೆ ಇನ್ನೂ ಕೆಳಗಿಳಿಯುತ್ತದೆ. ಆದ್ದರಿಂದ ಎರಡು ಗಾಲಿಗಳ ನಡುವೆ ಕಲ್ಲನ್ನು ದಾಟಿಸಿಬಿಡುತ್ತೇನೆ ಎಂಬ ಲೆಕ್ಕಾಚಾರ ಚಿರೆಕಲ್ಲಿನ ಮುಂದೆ ನಡೆಯುವುದಿಲ್ಲ. ಗಾಲಿಯ ಮೇಲೇ ಹತ್ತಿಸಿದರೆ ಟೈರು ಅಥವಾ ಅದು ಕೂರುವ ಲೋಹದ ಡಿಸ್ಕು ಹೋಗುತ್ತದೆ, ನಡುವೆ ಬಿಟ್ಟರೆ ಚೇಂಬರ್ ಹೋಗುತ್ತದೆ. ಎರಡರಲ್ಲಿ ಟೈರೇ ಅಗ್ಗ. ಆದರೆ ಇದು ನಿಧಾನವಾಗಿ ಹೋಗುತ್ತಿರುವವರಿಗೆ ಹೇಳುವ ಮಾತು. ವೇಗದಲ್ಲಿದ್ದಾಗ ಸ್ಟೇರಿಂಗ್ ಎಳೆದಾಡುವುದಕ್ಕಿಂತ ನೇರವಾಗಿ ಬಡಿಯುವುದೇ ಮೇಲು. ಒಂದು ಬದಿ ಕಂದಕ, ಇನ್ನೊಂದು ಬದಿ ಬಸ್ಸು ಇರುವಲ್ಲಿ ಚೇಂಬರಿನ ಚಿಂತೆ ಆಮೇಲಿನದು.

ಬ್ರೇಕ್ ಒತ್ತಿದಾಗ ಕಾರಿನ ಮೂತಿ ಕೆಳಕ್ಕೆ ಬಾಗುತ್ತದೆ, ಎಂಜಿನ್ನಿನ ತಳ ನೆಲಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ. ಹಾಗಾಗಿ ದೂರದಿಂದ ಬಲವಾಗಿ ಬ್ರೇಕ್ ಹಾಕಿ, ತಪ್ಪುವುದೇ ಇಲ್ಲ ಎಂದು ಖಚಿತವಾದಾಗ ಬಡಿಯುವ ಮುಂಚೆ ಕಾಲು ಸಡಿಲಿಸಬೇಕು. ಹೊಂಡಕ್ಕೂ ಇದೇ ಮಾತು.

ಬಡಿದ ಮೇಲೆ

ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ನಾಲ್ಕೂ ಇಂಡಿಕೇಟರ್ ಹಾಕಿ, ಮೀಟರ್ ಬೋರ್ಡ್ ನೋಡಿ. ಗಿಂಡಿಯ ಮೂತಿಯಿಂದ ಹನಿ ಬೀಳುತ್ತಿರುವಂಥ ಕೆಂಪು ಗುರುತು ಹತ್ತಿದೆಯೇ ಎನ್ನುವುದು ಮೊದಲ ಪ್ರಶ್ನೆ. ಅದು ಆಯಿಲಿನ ಒತ್ತಡದ ದೀಪ. ಬಹಳ ಜನ ಅದನ್ನು ‘ಆಯಿಲ್ ಕಡಿಮೆಯಾಗಿದೆ’ ಎಂಬ ಸೂಚನೆ ಎಂದು ತಿಳಿದಿದ್ದಾರೆ. ಆಯಿಲ್ ಕಡಿಮೆಯಾಗುತ್ತಿರುವಾಗ ಅದು ಹತ್ತುವುದಿಲ್ಲ. ಪಂಪಿಗೆ ಎಳೆಯಲು ಆಯಿಲೇ ಸಿಗದೆ ಬೇರಿಂಗುಗಳು ಒಣಗುತ್ತಿರುವಾಗ ಹತ್ತುತ್ತದೆ. ಸಣ್ಣ ಪೆಟ್ರೋಲ್ ಕಾರಿನಲ್ಲಿ ಇರುವುದೇ ಮೂರರಿಂದ ನಾಲ್ಕು ಲೀಟರ್ ಆಯಿಲ್. ಚೇಂಬರ್ ಸೀಳಿದರೆ ಅದು ಖಾಲಿಯಾಗಲು ಕೆಲವೇ ನಿಮಿಷ ಸಾಕು. ದೀಪ ಕಂಡಿತೆಂದರೆ ಬದಿಗೆ ಹಾಕಿ ಕಾರು ನಿಂತ ಕೂಡಲೇ ಎಂಜಿನ್ ಆಫ್ ಮಾಡಬೇಕು, ಮತ್ತೆ ಚಾಲೂ ಮಾಡಬಾರದು. ‘ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ’ ಎನ್ನುವ ಸಲಹೆ ಸುತ್ತ ಸೇರಿದವರಿಂದ ಖಂಡಿತ ಬರುತ್ತದೆ. ಬೇಡ.

ದೀಪ ಹತ್ತದಿದ್ದರೂ ನಿಲ್ಲಿಸಬೇಕು. ನಾನು ತಪ್ಪಿದ್ದು ಇಲ್ಲಿ. ಬಡಿದ ಮೇಲೆ ಕಾರು ಚೆನ್ನಾಗಿಯೇ ಓಡುತ್ತಿರುತ್ತದೆ, ಆ ಓಟವೇ ಮೋಸ ಮಾಡುತ್ತದೆ.

ಎಲ್ಲಿ ನಿಲ್ಲಿಸಬೇಕು ಎನ್ನುವುದೂ ಯೋಚಿಸಬೇಕಾದ ವಿಷಯ. ತಿರುವಿನಲ್ಲಿ ಬೇಡ. ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿಯೂ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದ ಲಾರಿ, ಮಣ್ಣು ಎಲ್ಲವೂ ಗಂಗಾವಳಿಯ ಪಾಲಾದದ್ದನ್ನು ನಾವು ಯಾರೂ ಮರೆತಿಲ್ಲ. ಕಣಿವೆಯ ಬದಿಗೆ ಅಗಲ ಜಾಗವಿದ್ದರೆ, ಅಂಚು ಗಟ್ಟಿಯಿದ್ದರೆ, ಅದು ಉತ್ತಮ. ಐವತ್ತು ನೂರು ಮೀಟರ್ ಮುಂದೆ ಅಂಥ ಜಾಗವಿದೆ ಎಂದು ಗೊತ್ತಿದ್ದರೆ ನಿಧಾನವಾಗಿ ಅಲ್ಲಿಯವರೆಗೆ ಹೋಗಬಹುದು. ಜೀವಕ್ಕಿಂತ ಎಂಜಿನ್ ದೊಡ್ಡದಲ್ಲ.

ಎಂಜಿನ್ ಉಳಿಸಲು ನಮ್ಮಲ್ಲಿ ಒಂದು ಉಪಾಯ ಚಾಲ್ತಿಯಲ್ಲಿದೆ: ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ, ಇಳಿಜಾರಿನಲ್ಲಿ ಹಾಗೇ ಉರುಳಿಸಿಕೊಂಡು ಘಟ್ಟದ ಬುಡ ಮುಟ್ಟುವುದು. ಕೇಳಲು ಜಾಣತನದಂತೆ ಕಾಣುತ್ತದೆ. ಬ್ರೇಕಿಗೆ ಕಾಲಿನ ಬಲದ ಜೊತೆ ಎಂಜಿನ್ನಿನಿಂದ ಸಿಗುವ ನಿರ್ವಾತದ ನೆರವು ಇರುತ್ತದೆ. ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಪೆಡಲ್ ಒತ್ತುವಷ್ಟರಲ್ಲಿ ಆ ನೆರವು ಮುಗಿದು ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಪವರ್ ಸ್ಟೇರಿಂಗ್ ಭಾರವಾಗುತ್ತದೆ. ಕೀ ಹೊರಗೆಳೆದರಂತೂ ಸ್ಟೇರಿಂಗ್ ಲಾಕ್ ಆಗುವ ಅಪಾಯವಿದೆ. ಗೇರಿನಲ್ಲಿ ಎಂಜಿನ್ ಹಿಡಿದಿಟ್ಟುಕೊಳ್ಳುವ ಬಲವೂ ಇಲ್ಲ. ದೇವಿಮನೆಯ ತಿರುವುಗಳಲ್ಲಿ ಈ ಪ್ರಯೋಗ ಮಾಡಬೇಡಿ.

ಇಳಿದು ನೋಡುವ ಕ್ರಮ

ಹ್ಯಾಂಡ್‌ಬ್ರೇಕ್ ಎಳೆಯಿರಿ. ಇಳಿಜಾರಿಗೆ ಮುಖ ಮಾಡಿದ್ದರೆ ರಿವರ್ಸ್ ಗೇರಿನಲ್ಲಿ, ಏರಿನಲ್ಲಿದ್ದರೆ ಮೊದಲ ಗೇರಿನಲ್ಲಿ ಬಿಡಿ. ಗಾಲಿಗೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ಎತ್ತಿ ಚರಂಡಿಯಾಚೆ ಹಾಕುವುದನ್ನು ಮಾತ್ರ ಮರೆಯಬೇಡಿ, ನನ್ನ ಕಥೆ ಶುರುವಾದದ್ದೇ ಒಬ್ಬರು ಮರೆತದ್ದರಿಂದ. ಕೆಂಪು ತ್ರಿಕೋನವನ್ನು ಸುಮಾರು 50 ಮೀಟರ್ ಹಿಂದೆ ಇಡಿ. ಹಿಂದೆ ತಿರುವಿದ್ದರೆ ತಿರುವಿನ ಆಚೆಗೆ ಇಡಬೇಕು, ಈಚೆಗೆ ಇಟ್ಟರೆ ಬರುವವನಿಗೆ ತ್ರಿಕೋನವೂ ಕಾರೂ ಒಟ್ಟಿಗೇ ಕಾಣುತ್ತವೆ. ಹಸಿರು ಟೊಂಗೆ ಮುರಿದು ರಸ್ತೆಯಲ್ಲಿ ಹಾಕುವ ನಮ್ಮ ಪದ್ಧತಿ ಹಗಲಿಗೆ ಸರಿ, ಕತ್ತಲಾದ ಮೇಲೆ ಅದೇ ಇನ್ನೊಂದು ಅಡ್ಡಿ. ಮಕ್ಕಳನ್ನೂ ಹಿರಿಯರನ್ನೂ ಕಾರಿನಿಂದ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ.

ಮೊದಲು ಮೂಗು. ಪೆಟ್ರೋಲಿನ ವಾಸನೆ ದಟ್ಟವಾಗಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಡ. ಕೀ ತಿರುಗಿಸಬೇಡಿ, ಬೀಡಿ ಸಿಗರೇಟು ಹಚ್ಚಿದವರನ್ನು ಹತ್ತಿರ ಬಿಡಬೇಡಿ, ದೂರ ಹೋಗಿ ಫೋನ್ ಮಾಡಿ. ಇಂಧನದ ನಳಿಗೆಗಳು ಹೆಚ್ಚಿನ ಕಾರುಗಳಲ್ಲಿ ತಳದ ಉದ್ದಕ್ಕೂ ಹಿಂದಿನ ಟ್ಯಾಂಕಿನಿಂದ ಮುಂದಕ್ಕೆ ಬರುತ್ತವೆ. ಸಿಎನ್‌ಜಿ ಕಾರಾದರೆ ಸಿಲಿಂಡರಿನ ಕೈ ವಾಲ್ವ್ ಮುಚ್ಚಿ ದೂರ ಸರಿಯಿರಿ.

ವಾಸನೆಯಿಲ್ಲವೆಂದಾದರೆ ಕಾರಿನ ಅಡಿಯನ್ನು ನೋಡಬೇಕು. ಇದಕ್ಕೆ ಯಾರೂ ಕಾರಿನ ಕೆಳಗೆ ನುಗ್ಗಬೇಕಿಲ್ಲ. ಮೊಬೈಲಿನ ಟಾರ್ಚ್ ಹಾಕಿ, ವಿಡಿಯೊ ಚಾಲೂ ಮಾಡಿ, ಕೈಯನ್ನು ತಳದ ಕೆಳಗೆ ಚಾಚಿ ಮುಂದಿನಿಂದ ಹಿಂದಕ್ಕೆ ನಿಧಾನವಾಗಿ ಎಳೆಯಿರಿ. ಎರಡೂ ಬದಿಯಿಂದ ಹೀಗೆ ಮಾಡಿ, ವಾಹನಗಳು ಓಡಾಡುವ ಬದಿಯಲ್ಲಿ ಒಬ್ಬರು ಕಾವಲು ನಿಲ್ಲಲಿ. ಆಮೇಲೆ ನಿಂತುಕೊಂಡು ಆರಾಮವಾಗಿ ವಿಡಿಯೊ ನೋಡಬಹುದು. ಮೆಕ್ಯಾನಿಕ್‌ಗೆ ಕಳಿಸಲಿಕ್ಕೂ, ವಿಮೆಯವರಿಗೆ ತೋರಿಸಲಿಕ್ಕೂ ಅದೇ ಆಗುತ್ತದೆ. ಕಾರಿನ ಜೊತೆ ಕೊಟ್ಟ ಜಾಕ್ ಏರಿಸಿ ಅದರ ಕೆಳಗೆ ತಲೆ ಹಾಕುವುದು ಪ್ರಾಣಕ್ಕೆ ಎರವು. ಆ ಜಾಕ್ ಇರುವುದು ಗಾಲಿ ಬದಲಿಸಲು ಮಾತ್ರ, ಅದೂ ಸಮತಟ್ಟು ನೆಲದಲ್ಲಿ.

ಯಾವ ಹನಿ ಏನು ಹೇಳುತ್ತದೆ

ಬೇಸಿಗೆಯಲ್ಲಿ ಸೋರಿಕೆ ಹುಡುಕುವುದು ಸುಲಭ. ನಮ್ಮ ಮಳೆಯಲ್ಲಿ ಇಡೀ ಕಾರೇ ತೊಟ್ಟಿಕ್ಕುತ್ತಿರುತ್ತದೆ. ಒಂದು ಬಿಳಿ ಕಾಗದವನ್ನೋ ಟಿಶ್ಯೂವನ್ನೋ ಹನಿಯ ಕೆಳಗೆ ಹಿಡಿದು ನೋಡಿ. ಕಂದು ಅಥವಾ ಕಪ್ಪು ಬಣ್ಣವಾಗಿದ್ದು, ಬೆರಳಿಗೆ ಜಾರುವಂತಿದ್ದರೆ ಎಂಜಿನ್ ಆಯಿಲ್. ಒದ್ದೆ ರಸ್ತೆಯ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಹರಡುತ್ತಿದ್ದರೆ ಎಣ್ಣೆಯೋ ಇಂಧನವೋ ಬೀಳುತ್ತಿದೆ ಎಂದು ಅರ್ಥ. ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣವಿದ್ದು ಸಿಹಿ ವಾಸನೆ ಬಂದರೆ ರೇಡಿಯೇಟರಿನ ಕೂಲಂಟ್. ಕೆಂಪಗಿದ್ದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಆಗಿರಬಹುದು, ದಪ್ಪಗಿದ್ದು ಗಂಧಕದ ನಾತ ಬಂದರೆ ಸಾಮಾನ್ಯ ಗೇರ್ ಆಯಿಲ್. ತಿಳಿ ಹಳದಿಯಾಗಿದ್ದು ಗಾಲಿಯ ಹತ್ತಿರ ಬೀಳುತ್ತಿದ್ದರೆ ಬ್ರೇಕ್ ಆಯಿಲ್ ಎಂದು ಅನುಮಾನಿಸಬೇಕು. ಇದು ಎಲ್ಲಕ್ಕಿಂತ ಕೆಟ್ಟದ್ದು. ಬಣ್ಣವಿಲ್ಲದ, ವಾಸನೆಯಿಲ್ಲದ ನೀರು ಎಸಿಯದು, ಅದಕ್ಕೆ ಚಿಂತೆ ಬೇಡ.

ಇಲ್ಲಿ ಒಂದು ಮೋಸವಿದೆ. ಈಗಿನ ಅನೇಕ ಕಾರುಗಳಲ್ಲಿ ಎಂಜಿನ್ನಿನ ಅಡಿಗೆ ಪ್ಲಾಸ್ಟಿಕ್ ಕವರ್ ಇರುತ್ತದೆ. ಚೇಂಬರ್ ಸೋರಿದರೂ ಆಯಿಲ್ ಆ ಕವರಿನ ಮೇಲೆ ನಿಂತು, ಆಮೇಲೆ ಇನ್ನೆಲ್ಲೋ ಇಳಿಯುತ್ತದೆ. ಕೆಳಗೆ ಒಂದು ಹನಿಯೂ ಕಾಣದಿದ್ದರೆ ನಂಬಬೇಡಿ. ಬಾನೆಟ್ ಎತ್ತಿ ಆಯಿಲ್ ಅಳೆಯುವ ಕಡ್ಡಿಯನ್ನು ನೋಡಿ. ಎಂಜಿನ್ ನಿಂತು ಐದು ನಿಮಿಷವಾದ ಮೇಲೆ ಕಡ್ಡಿ ಎಳೆದು ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆಯಿರಿ. ಇಳಿಜಾರಿನಲ್ಲಿ ಅಳತೆ ನಿಖರವಾಗಿ ಬರುವುದಿಲ್ಲ. ಆದರೆ ಹದಿನೈದು ನಿಮಿಷ ಬಿಟ್ಟು ಅದೇ ಜಾಗದಲ್ಲಿ ಇನ್ನೊಮ್ಮೆ ನೋಡಿದಾಗ ಗುರುತು ಕೆಳಗಿಳಿದಿದ್ದರೆ ಸೋರುತ್ತಿದೆ ಎಂದೇ ತಿಳಿಯಿರಿ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಬಿಸಿಯಿರುವಾಗ ಮುಟ್ಟಬಾರದು. ಒಳಗಿನ ನೀರು ಒತ್ತಡದಲ್ಲಿರುತ್ತದೆ, ತೆರೆದರೆ ಮುಖಕ್ಕೇ ಚಿಮ್ಮುತ್ತದೆ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯ ಮಟ್ಟವನ್ನು ಹೊರಗಿನಿಂದಲೇ ನೋಡಿದರೆ ಸಾಕು.

ಚೇಂಬರಿನ ಬಗ್ಗೆ ಇನ್ನೊಂದು ಮಾತು, ಏಕೆಂದರೆ ಇದನ್ನು ಗ್ಯಾರೇಜಿನಲ್ಲಿ ಕೇಳುವವರೆಗೆ ನನಗೂ ಗೊತ್ತಿರಲಿಲ್ಲ. ತಗಡಿನ ಚೇಂಬರ್ ಕಲ್ಲಿಗೆ ಬಡಿದರೆ ಜಜ್ಜಿಹೋಗುತ್ತದೆ, ಅಲ್ಯೂಮಿನಿಯಂನದು ಬಿರುಕು ಬಿಡುತ್ತದೆ. ಬಿರುಕು ಬಿಟ್ಟದ್ದು ಸೋರಿ ತನ್ನ ಕಥೆ ತಾನೇ ಹೇಳುತ್ತದೆ. ಜಜ್ಜಿದ ತಗಡು ಒಂದು ಹನಿಯೂ ಸೋರದಿರಬಹುದು. ಆದರೆ ಚೇಂಬರಿನ ಒಳಗೆ, ತಳದಿಂದ ಸ್ವಲ್ಪವೇ ಮೇಲೆ, ಆಯಿಲ್ ಎಳೆಯುವ ಪಂಪಿನ ಜಾಲರಿ ಇರುತ್ತದೆ. ತಗಡು ಒಳಗೆ ತಗ್ಗಿ ಆ ಜಾಲರಿಗೆ ಒತ್ತಿಕೊಂಡರೆ ಆಯಿಲ್ ತುಂಬಿದ್ದರೂ ಎಂಜಿನ್ನಿಗೆ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ‘ಸೋರಿಕೆ ಇಲ್ಲ, ಬರೀ ತಗ್ಗು’ ಎಂದು ಬಿಟ್ಟುಬಿಡುವ ವಿಷಯ ಇದಲ್ಲ. ಡೀಪ್ ಆಗಿ ಒಳಗೆ ಹೋದ ತಗ್ಗನ್ನು ಬಿಚ್ಚಿಸಿ ನೋಡಿಸಲೇಬೇಕು.

ಓಡಿಸಬಹುದೇ?

ಆಯಿಲ್ ಧಾರೆಯಾಗಿ ಅಥವಾ ಬಿಡದೆ ತೊಟ್ಟಿಕ್ಕುತ್ತಿದ್ದರೆ ಇಲ್ಲ. ಬ್ರೇಕ್ ಪೆಡಲ್ ಮೆತ್ತಗೆ ಕೆಳಗಿಳಿಯುತ್ತಿದ್ದರೆ, ಒತ್ತಿಹಿಡಿದಾಗ ನಿಧಾನವಾಗಿ ಕುಸಿಯುತ್ತಿದ್ದರೆ, ಒಂದು ಮೀಟರ್ ಕೂಡ ಬೇಡ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪು ಆಯಿಲ್ ಬೀಳುತ್ತಿದ್ದರೂ ಇಲ್ಲ. ಒಂದು ಗಾಲಿ ಸೊಟ್ಟಗೆ ನಿಂತಿದ್ದರೆ, ಅಥವಾ ಮಡ್‌ಗಾರ್ಡಿನ ಹಿಂಭಾಗಕ್ಕೆ ಸರಿದಂತೆ ಕಂಡರೆ, ಗಾಲಿಯನ್ನು ಕಾರಿನ ತಳಕ್ಕೆ ಹಿಡಿದಿಡುವ ಲೋವರ್ ಆರ್ಮ್ ಬಾಗಿದೆ. ಇಲ್ಲ. ಟೈರಿನ ಬದಿಯಲ್ಲಿ ಗುಳ್ಳೆ ಎದ್ದಿದ್ದರೆ ಸ್ಟೆಪ್ನಿ ಹಾಕಿಕೊಂಡು ಹೋಗಿ. ಗುಳ್ಳೆ ಎದ್ದ ಟೈರನ್ನು ಪಂಕ್ಚರ್ ಅಂಗಡಿಯಲ್ಲಿ ಸರಿಪಡಿಸಲಾಗುವುದಿಲ್ಲ, ಅದನ್ನು ಮರಳಿ ಬಳಸಲೂ ಬಾರದು.

ಕೂಲಂಟ್ ಸಣ್ಣಗೆ ಸೋರುತ್ತಿದ್ದು, ಮುಂದಿನ ಊರು ನಾಲ್ಕೈದು ಕಿಲೋಮೀಟರಿನೊಳಗಿದ್ದರೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಾಟಲಿಯ ನೀರು ಸೇರಿಸಿ, ಎಸಿ ಆರಿಸಿ, ಉಷ್ಣಾಂಶದ ಮೇಲೆ ಕಣ್ಣಿಟ್ಟು ಹೋಗಬಹುದು. ಮುಳ್ಳು ಏರತೊಡಗಿದರೆ ನಿಲ್ಲಿಸಬೇಕು. ಕೆಲವು ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ಅಂಥ ಕಾರಿನವರು ಈ ಸಾಹಸಕ್ಕೆ ಇಳಿಯದಿರುವುದೇ ಒಳ್ಳೆಯದು.

ಬರೀ ಕವರೋ ಸೈಲೆನ್ಸರೋ ಜೋತುಬಿದ್ದಿದ್ದರೆ ಸಂತೋಷಪಡಿ. ಬಡಿದ ಮೇಲೆ ಬರುವ ‘ಬರಬರ’ ಸದ್ದು ಬಹಳಷ್ಟು ಸಲ ಆ ಪ್ಲಾಸ್ಟಿಕ್ ಕವರ್ ನೆಲಕ್ಕೆ ಉಜ್ಜುವ ಸದ್ದೇ ಆಗಿರುತ್ತದೆ. ಕೇಬಲ್ ಟೈ ಹಾಕಿ ಎತ್ತಿ ಕಟ್ಟಿ, ಆಗದಿದ್ದರೆ ಬಿಚ್ಚಿ ಡಿಕ್ಕಿಗೆ ಹಾಕಿ. ಸೈಲೆನ್ಸರಿಗೆ ಮಾತ್ರ ತಂತಿಯೇ ಬೇಕು, ಪ್ಲಾಸ್ಟಿಕ್ ಟೈ, ನೈಲಾನ್ ಹಗ್ಗ, ಬಟ್ಟೆ ಎಲ್ಲವೂ ಸುಟ್ಟುಹೋಗುತ್ತವೆ. ಅದು ಆರುವವರೆಗೆ ಕೈ ಹಾಕಬೇಡಿ. ಸೈಲೆನ್ಸರ್ ಮುಂಭಾಗದಲ್ಲಿ ಬಿಟ್ಟುಕೊಂಡಿದ್ದರೆ ವಿಷದ ಹೊಗೆ ಕಾರಿನೊಳಗೆ ಬರಬಹುದು, ಕಿಟಕಿ ತೆರೆದೇ ಓಡಿಸಿ. ಬೇಸಿಗೆಯಲ್ಲಿ ಅಂಥ ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ.

ಏನೂ ಕಾಣಲಿಲ್ಲವೆಂದರೆ ಹೊರಡಬಹುದು, ಆದರೆ ಮೊದಲ ಗೇರಿನಲ್ಲಿ ಹತ್ತು ಮೀಟರ್ ಹೋಗಿ ಬ್ರೇಕ್ ಹಾಕಿ ನೋಡಿ. ಸ್ಟೇರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ. ನೇರ ರಸ್ತೆಯಲ್ಲಿ ಸ್ಟೇರಿಂಗ್ ಓರೆಯಾಗಿ ನಿಂತಿದೆಯೇ, ಕಾರು ಒಂದು ಬದಿಗೆ ಎಳೆಯುತ್ತಿದೆಯೇ ಗಮನಿಸಿ. ಒಂದು ಕಿಲೋಮೀಟರ್ ಆದ ಮೇಲೆ ಮತ್ತೆ ನಿಲ್ಲಿಸಿ ಕೆಳಗೆ ನೋಡಿ.

ಎಂ-ಸೀಲ್ ಹಚ್ಚಿ ಬಿರುಕು ಮುಚ್ಚಬಹುದಲ್ಲವೇ ಎಂದು ಕೇಳುವವರಿದ್ದಾರೆ. ಎಣ್ಣೆ ಜಿನುಗುತ್ತಿರುವ ಮೇಲ್ಮೈಗೆ ಅದು ಅಂಟುವುದೇ ಇಲ್ಲ. ಆಯಿಲ್ ಪೂರ್ತಿ ಇಳಿಸಿ, ಜಿಡ್ಡು ತೆಗೆದು, ಉಜ್ಜಿ, ಹಚ್ಚಿ, ಗಟ್ಟಿಯಾಗುವವರೆಗೆ ಕಾದರೆ ಹಿಡಿಯಬಹುದು. ಅಷ್ಟು ಹೊತ್ತಿಗೆ ಕಾರು ಒಯ್ಯುವ ಗಾಡಿ ಬಂದಿರುತ್ತದೆ. ಡೀಸೆಲ್ ಟ್ಯಾಂಕಿನ ಸಣ್ಣ ತೂತಿಗೆ ಬಟ್ಟೆ ಸೋಪು ಒತ್ತುವುದು ಲಾರಿಯವರ ಹಳೆಯ ಉಪಾಯ. ಬಿಸಿ ಆಯಿಲಿನ ಮುಂದೆ ಅದೂ ನಿಲ್ಲುವುದಿಲ್ಲ.

ಕಾರು ಒಯ್ಯಿಸುವುದು

ಘಟ್ಟದ ನಡುವೆ ಮೊಬೈಲಿಗೆ ಸಿಗ್ನಲ್ ಸಿಗದ ಜಾಗಗಳು ಬೇಕಾದಷ್ಟಿವೆ. ಬಸ್ಸು ನಿಲ್ಲಿಸಿ, ಕಂಡಕ್ಟರ್ ಕೈಯಲ್ಲಿ ಒಂದು ಚೀಟಿ ಕೊಟ್ಟು ಫೋನ್ ನಂಬರ್ ಬರೆದು ಕಳಿಸಿದರೆ ಸಿಗ್ನಲ್ ಬಂದಲ್ಲಿ ಅವರೇ ಫೋನ್ ಮಾಡುತ್ತಾರೆ. ನನಗೆ ಆ ದಿನ ಸಹಾಯವಾದದ್ದು ಹೀಗೆಯೇ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033, ಅಪಾಯದ ಸ್ಥಿತಿಯಾದರೆ 112. ವಿಮೆಯಲ್ಲಿ ರಸ್ತೆ ಸಹಾಯದ ಸೌಲಭ್ಯ ಸೇರಿದೆಯೇ ಎಂದು ಮನೆಯಲ್ಲಿರುವಾಗಲೇ ನೋಡಿಟ್ಟುಕೊಳ್ಳಿ, ಆ ನಂಬರನ್ನು ಕಾಗದದ ಮೇಲೂ ಬರೆದಿಡಿ.

ಹಗ್ಗ ಕಟ್ಟಿ ಎಳೆಯಲು ಸಿದ್ಧರಾಗಿ ಬರುವ ಜೀಪಿನವರು ಒಳ್ಳೆಯ ಮನಸ್ಸಿನವರೇ. ಆದರೂ ಇಳಿಜಾರಿನಲ್ಲಿ ಹಗ್ಗ ಬೇಡ. ಎಂಜಿನ್ ಆರಿದ ಕಾರಿನ ಬ್ರೇಕ್ ಗಟ್ಟಿಯಾಗಿರುತ್ತದೆ, ಹಿಂದಿನ ಕಾರು ಹೋಗಿ ಜೀಪಿಗೇ ಗುದ್ದುತ್ತದೆ. ಇಡೀ ಕಾರನ್ನು ಮೇಲೆ ಹೇರಿಕೊಂಡು ಹೋಗುವ ಗಾಡಿಯನ್ನೇ ಕೇಳಿ. ಆಟೊಮ್ಯಾಟಿಕ್, ನಾಲ್ಕು ಗಾಲಿಗೂ ಬಲ ಹೋಗುವ ಕಾರು ಮತ್ತು ವಿದ್ಯುತ್ ಕಾರುಗಳಿಗೆ ಬೇರೆ ದಾರಿಯೇ ಇಲ್ಲ, ಗಾಲಿ ನೆಲದ ಮೇಲೆ ಉರುಳಿದರೆ ಒಳಗೆ ಇನ್ನಷ್ಟು ಕೆಡುತ್ತದೆ. ಕೊಕ್ಕೆಯನ್ನು ಕಾರಿಗೆ ನಿಗದಿಯಾದ ಜಾಗಕ್ಕೇ ಹಾಕಿಸಿ. ಲೋವರ್ ಆರ್ಮಿಗೆ ಸರಪಳಿ ಸುತ್ತಿ ಎಳೆದು, ಸರಿಯಿದ್ದ ಆರ್ಮನ್ನೂ ಬಾಗಿಸಿದ್ದನ್ನು ನೋಡಿದ್ದೇನೆ.

ಗ್ಯಾರೇಜಿನಲ್ಲಿ

ಕಾರನ್ನು ಲಿಫ್ಟಿಗೆ ಏರಿಸಿದಾಗ ನೀವೂ ಅಲ್ಲಿರಬೇಕು. ಅಡಿಕವರ್ ಬಿಚ್ಚಿಸಿ. ಗಾಯದ ಗುರುತು ಎಲ್ಲಿಂದ ಶುರುವಾಗಿ ಎಲ್ಲಿಯವರೆಗೆ ಹೋಗಿದೆ ಎಂದು ನೋಡಿ, ಕಲ್ಲು ಹೋದ ದಾರಿ ಅಲ್ಲಿ ಬರೆದಿರುತ್ತದೆ. ಆ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಒಂದೊಂದಾಗಿ ಕೇಳಿ: ಮುಂದಿನ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರಿನ ಕೆಳ ಅಂಚು, ಡೀಸೆಲ್ ಕಾರಾದರೆ ಇಂಟರ್‌ಕೂಲರ್, ಚೇಂಬರ್, ಗೇರ್‌ಬಾಕ್ಸಿನ ತಳ, ಆಕ್ಸಲಿನ ರಬ್ಬರ್ ಬೂಟು, ಸೈಲೆನ್ಸರಿಗೆ ಹೋಗುವ ಸೆನ್ಸರಿನ ವೈರು, ಬ್ರೇಕ್ ಮತ್ತು ಇಂಧನದ ನಳಿಗೆ, ಹ್ಯಾಂಡ್‌ಬ್ರೇಕ್ ಕೇಬಲ್, ಟ್ಯಾಂಕು. ಆಕ್ಸಲ್ ಬೂಟು ಹರಿದದ್ದು ಆ ದಿನ ತೊಂದರೆ ಕೊಡುವುದಿಲ್ಲ. ಗ್ರೀಸ್ ಹೊರಗೆ ಹೋಗಿ, ಕೆಸರು ಒಳಗೆ ಸೇರಿ, ಕೆಲವು ವಾರಗಳ ನಂತರ ತಿರುವಿನಲ್ಲಿ ‘ಕಟಕಟ’ ಎನ್ನತೊಡಗುತ್ತದೆ. ಆಗ ಬೂಟಿನ ಬದಲು ಇಡೀ ಜಾಯಿಂಟಿನ ಬಿಲ್ಲು ಬರುತ್ತದೆ.

ಅಲ್ಯೂಮಿನಿಯಂ ಚೇಂಬರನ್ನು ಆರ್ಗಾನ್ ವೆಲ್ಡಿಂಗ್ ಮಾಡಿಸಬಹುದು. ಚೆನ್ನಾಗಿ ಮಾಡುವವರು ಮಾಡಿದರೆ ಬಾಳಿಕೆಯೂ ಬರುತ್ತದೆ. ಆದರೆ ಬೋಲ್ಟ್ ಕೂರುವ ಅಂಚಿನಲ್ಲಿ ಬಿರುಕಿದ್ದರೆ ಹೊಸದೇ ಸರಿ. ತಗಡಿನದನ್ನು ಬಡಿದು ನೇರ ಮಾಡಿಸುವುದಕ್ಕೂ ನನಗೆ ಆಕ್ಷೇಪವಿಲ್ಲ, ಜಾಲರಿಯನ್ನು ತೆಗೆದು ಪರೀಕ್ಷಿಸಿದ್ದರೆ. ಕೂಡಿಸುವಾಗ ಹಚ್ಚುವ ಪೇಸ್ಟ್ ಒಣಗಲು ಡಬ್ಬಿಯ ಮೇಲೆ ಬರೆದಷ್ಟು ಸಮಯ ಕೊಡಬೇಕು. ‘ಸಂಜೆಯೊಳಗೆ ಗಾಡಿ ಬೇಕು’ ಎಂದು ನಾವು ಅವಸರ ಮಾಡುವುದರಿಂದಲೇ ಹೊಸ ಚೇಂಬರೂ ಜಿನುಗುತ್ತದೆ. ಆಯಿಲ್ ಜೊತೆ ಫಿಲ್ಟರನ್ನೂ ಬದಲಿಸಿ. ಬಾಗಿದ ಲೋವರ್ ಆರ್ಮನ್ನು ನೇರ ಮಾಡಿಸಲು ಮಾತ್ರ ಒಪ್ಪಬೇಡಿ. ಕೊನೆಗೆ ವೀಲ್ ಅಲೈನ್‌ಮೆಂಟ್, ಅದರ ಮೊದಲಿನ ಮತ್ತು ನಂತರದ ಅಳತೆಯ ಚೀಟಿ ಕೇಳಿ ಪಡೆಯಿರಿ. ಮನೆಗೆ ಬಂದ ರಾತ್ರಿ ಕಾರಿನ ಅಡಿಗೆ ಹಳೆಯ ರಟ್ಟು ಹಾಸಿ, ಬೆಳಿಗ್ಗೆ ನೋಡಿ.

ವಿಮೆ: ನನ್ನ ದುಡ್ಡು ಹೋದದ್ದು ಇಲ್ಲಿ

ಮೂರನೆಯವರ ವಿಮೆ ಮಾತ್ರ ಇದ್ದರೆ ನಿಮ್ಮ ಕಾರಿನ ಹಾನಿಗೆ ಏನೂ ಸಿಗುವುದಿಲ್ಲ. ಸ್ವಂತ ಹಾನಿಯ ವಿಮೆಯಿದ್ದರೆ ಚೇಂಬರ್, ಆರ್ಮ್, ಸೈಲೆನ್ಸರ್ ಎಲ್ಲಕ್ಕೂ ಸಿಗುತ್ತದೆ. ಆದರೆ ಪಾಲಿಸಿಯ ಷರತ್ತುಗಳಲ್ಲಿ ಸಣ್ಣ ಅಕ್ಷರದ ಒಂದು ಸಾಲಿದೆ: ಅಪಘಾತದ ನಂತರ ಅಗತ್ಯ ರಿಪೇರಿ ಮಾಡಿಸುವ ಮೊದಲು ವಾಹನ ಓಡಿಸಿ ಹಾನಿ ಹೆಚ್ಚಾದರೆ, ಆ ಹೆಚ್ಚಿನ ಹಾನಿ ಪೂರ್ತಿ ಮಾಲೀಕನದು. ಕಲ್ಲು ಬಡಿದ ಜಾಗದಲ್ಲೇ ನಿಲ್ಲಿಸಿದ್ದರೆ ನನ್ನದು ಚೇಂಬರ್ ಮತ್ತು ಆಯಿಲಿನ ಕ್ಲೇಮು. ಓಡಿಸಿದ್ದರಿಂದ ಬೇರಿಂಗ್, ಕ್ರ್ಯಾಂಕ್, ಕೆಲಸದ ಕೂಲಿ ಎಲ್ಲ ನನ್ನ ಕಿಸೆಯಿಂದ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಮಾಡಿಸಿದ್ದರೆ ಸ್ವಲ್ಪ ಆಸರೆ ಸಿಗಬಹುದಿತ್ತು. ಅದನ್ನು ‘ನೀರು ನುಗ್ಗುವ ಊರಿನವರಿಗೆ’ ಎಂದುಕೊಂಡು ಬಿಟ್ಟಿದ್ದೆ. ಅದರಲ್ಲಿಯೂ ಗೊತ್ತಿದ್ದೂ ಓಡಿಸಿದವರಿಗೆ ತಕರಾರು ಬರುತ್ತದೆ.

ಹಾಗಾಗಿ ಕ್ರಮ ಹೀಗಿರಲಿ. ಜಾಗದಲ್ಲೇ ಫೋಟೊ: ಕಲ್ಲು, ರಸ್ತೆಯ ಮೇಲಿನ ಎಣ್ಣೆಯ ಗುರುತು, ಕಾರಿನ ನಂಬರ್ ಕಾಣುವಂತೆ ಇಡೀ ನೋಟ, ಮೀಟರಿನಲ್ಲಿ ಓಡಿದ ಕಿಲೋಮೀಟರ್. ಸಿಗ್ನಲ್ ಸಿಕ್ಕ ಕೂಡಲೇ ವಿಮಾ ಕಂಪನಿಗೆ ತಿಳಿಸಿ ಕ್ಲೇಮ್ ನಂಬರ್ ಪಡೆಯಿರಿ. ಸರ್ವೇಯರ್ ನೋಡುವವರೆಗೆ ಏನನ್ನೂ ಬಿಚ್ಚಿಸಬೇಡಿ, ಬಿಚ್ಚಿದ ಹಳೆಯ ಭಾಗಗಳನ್ನು ಎಸೆಯಲು ಬಿಡಬೇಡಿ. ಏನಾಯಿತೋ ಅದನ್ನೇ ಹೇಳಿ. ಆಯಿಲಿಲ್ಲದೆ ಓಡಿದ ಬೇರಿಂಗ್ ನೋಡಿದವರಿಗೆ ನಮ್ಮ ಕಥೆ ಬೇಕಾಗುವುದಿಲ್ಲ.

ಸಣ್ಣ ಹಾನಿಗೆ ಕ್ಲೇಮ್ ಮಾಡುವ ಮೊದಲು ಲೆಕ್ಕ ಹಾಕಿ. 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ನೀವೇ ಭರಿಸಬೇಕು. ಸವಕಳಿ ರಹಿತ ಪಾಲಿಸಿ (ಭಾಗ ಹಳೆಯದಾಯಿತೆಂದು ಬೆಲೆ ಕಡಿತ ಮಾಡದ ಪಾಲಿಸಿ) ಇಲ್ಲದಿದ್ದರೆ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಅರ್ಧ ಬೆಲೆಯಷ್ಟೇ ಸಿಗುತ್ತದೆ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ 20ರಿಂದ 50 ಶೇಕಡದವರೆಗೆ ಏರುತ್ತದೆ, ಒಂದು ಕ್ಲೇಮಿಗೆ ಅದು ಹೋಗುತ್ತದೆ. ರಿಯಾಯಿತಿ ಕಳೆಯುವ ಮೊದಲು ಸ್ವಂತ ಹಾನಿಯ ಕಂತು 8,000 ರೂಪಾಯಿ ಇದ್ದು 50 ಶೇಕಡ ರಿಯಾಯಿತಿ ಇದ್ದವರು ಮುಂದಿನ ವರ್ಷವೇ 4,000 ರೂಪಾಯಿ ಕಳೆದುಕೊಳ್ಳುತ್ತಾರೆ. ಅಂಥವರು ಎರಡು ಮೂರು ಸಾವಿರದ ಅಡಿಕವರಿಗೆ ಕ್ಲೇಮ್ ಮಾಡುವುದು ನಷ್ಟದ ವ್ಯವಹಾರ.

ವಿದ್ಯುತ್ ಕಾರಿನವರಿಗೆ

ಬ್ಯಾಟರಿ ಇರುವುದು ಬಹುತೇಕ ತಳದಲ್ಲೇ. ಬಲವಾದ ಪೆಟ್ಟು ಬಿದ್ದರೆ, ಓಡುತ್ತಿದ್ದರೂ, ಮೀಟರಿನಲ್ಲಿ ಎಚ್ಚರಿಕೆ ಇಲ್ಲದಿದ್ದರೂ, ಕಂಪನಿಯ ವರ್ಕ್‌ಶಾಪಿನಲ್ಲಿ ತೋರಿಸುವವರೆಗೆ ಚಾರ್ಜಿಗೆ ಹಾಕಬೇಡಿ. ಮನೆಗೆ ಅಂಟಿದ ಶೆಡ್ಡಿನಲ್ಲಿ, ಅಡಿಕೆ ಅಥವಾ ಹುಲ್ಲು ಕೂಡಿಟ್ಟ ಕೊಟ್ಟಿಗೆಯ ಬಳಿ ನಿಲ್ಲಿಸಬೇಡಿ. ಬಯಲಿನಲ್ಲಿರಲಿ. ಹಿಸ್ಸೆಂಬ ಸದ್ದು, ಘಾಟು ವಾಸನೆ, ಹೊಗೆ ಕಂಡರೆ ಎಲ್ಲರೂ ದೂರ ಸರಿದು 112ಕ್ಕೆ ಫೋನ್ ಮಾಡಿ. ಕಿತ್ತಳೆ ಬಣ್ಣದ ಕೇಬಲುಗಳನ್ನು ಮುಟ್ಟಲೇಬಾರದು.

ಗೀರು ಬಿದ್ದ ತಳ ಮತ್ತು ಕಡಲ ಗಾಳಿ

ಶಿರಸಿಯವರು ಇದನ್ನು ಹಗುರವಾಗಿ ತೆಗೆದುಕೊಂಡರೂ ಕಾರವಾರ, ಅಂಕೋಲಾ, ಹೊನ್ನಾವರ, ಭಟ್ಕಳದವರು ಹಾಗೆ ಮಾಡುವಂತಿಲ್ಲ. ಕಲ್ಲು ಉಜ್ಜಿಕೊಂಡು ಹೋದಲ್ಲಿ ತಳದ ಲೇಪ ಕಿತ್ತು ಬರೀ ಕಬ್ಬಿಣ ಉಳಿದಿರುತ್ತದೆ. ಉಪ್ಪು ಗಾಳಿ, ಮೇಲಿಂದ ಮಳೆ: ತುಕ್ಕು ವರ್ಷಗಟ್ಟಲೆ ಕಾಯುವುದಿಲ್ಲ. ರಿಪೇರಿಯ ದಿನವೇ ಆ ಜಾಗವನ್ನು ಸಿಹಿನೀರಿನಲ್ಲಿ ತೊಳೆಸಿ, ಪೂರ್ತಿ ಒಣಗಿಸಿ, ತುಕ್ಕು ಉಜ್ಜಿಸಿ, ಪ್ರೈಮರ್ ಹಚ್ಚಿ ಮೇಲೆ ಅಂಡರ್‌ಬಾಡಿ ಕೋಟಿಂಗ್ ಹೊಡೆಸಿ. ಒದ್ದೆಯ ಮೇಲೆಯೇ ಕಪ್ಪು ಲೇಪ ಬಳಿದುಕೊಟ್ಟರೆ ಹಚ್ಚದಿರುವುದೇ ವಾಸಿ, ಏಕೆಂದರೆ ತೇವ ಒಳಗೇ ಸಿಕ್ಕಿಕೊಂಡು ಕಣ್ಣಿಗೆ ಕಾಣದಂತೆ ತಿನ್ನುತ್ತದೆ. ಬ್ರೇಕ್ ನಳಿಗೆಯ ಮೇಲೆ ಗೀರಿದ್ದರೆ ಲೇಪಕ್ಕೆ ಬಿಡದೆ ಆ ನಳಿಗೆಯನ್ನೇ ಬದಲಿಸಿ. ಮಳೆಗಾಲದಲ್ಲಿ ಒಣಗಿಸುವುದು ಸಾಧ್ಯವಾಗದಿದ್ದರೆ ತಾತ್ಕಾಲಿಕವಾಗಿ ಗ್ರೀಸ್ ಬಳಿದಿಟ್ಟು, ನವೆಂಬರಿನಲ್ಲಿ ಮತ್ತೆ ಲಿಫ್ಟಿಗೆ ಏರಿಸಿ ಸರಿಯಾಗಿ ಮಾಡಿಸಿ.

ನನ್ನ ಡಿಕ್ಕಿಯಲ್ಲಿ ಈಗ ಒಂದು ಲೀಟರ್ ಆಯಿಲ್, ಎರಡು ಬಾಟಲಿ ನೀರು, ಕಟ್ಟುವ ತಂತಿ, ಇಕ್ಕಳ, ಕೇಬಲ್ ಟೈ, ಟಾರ್ಚು, ತ್ರಿಕೋನ ಮತ್ತು ಗಾಲಿಗೆ ಕೊಡಲು ಹಲಸಿನ ಮರದ ಎರಡು ತುಂಡುಗಳಿವೆ. ಮರದ ತುಂಡುಗಳಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಡಿಕ್ಕಿಯ ಕೊಕ್ಕೆಗೆ ಬಿಗಿದಿದ್ದೇನೆ, ಮರೆತು ಹೊರಟರೂ ಹಿಂದೆಯೇ ಬರಲಿ ಎಂದು.